ರಾಜಿಯಾದ ಮೇಲೆ ಟೀ

ನಮ್ಮನೆಯವರನ್ನು ಫ್ಯಾಕ್ಟರಿಯಿಂದ ತೆಗೆದರು ಅನ್ನುವುದಕ್ಕಿಂತ, ತೆಗೆಯುವ ಮುಂಚೆ ಅವರಿಗೆ ಕಾಫಿ ಕೊಟ್ಟರು ಅನ್ನುವ ಮಾತೇ ನಮ್ಮ ಮನೆಯಲ್ಲಿ ಬಹಳ ದಿನ ಓಡಾಡಿಕೊಂಡಿತ್ತು. ಕೆಲಸ ಹೋದದ್ದು ಹೊಟ್ಟೆಯ ಕಷ್ಟ. ಕಾಫಿಯದು ಬೇರೆ ಥರದ ನೋವು. ಅದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು.

ನಾವು ಮಾಲೂರು ಕಡೆಯವರು. ನಮ್ಮ ಹಳ್ಳಿಯಲ್ಲಿ ಎರಡು ಮನೆಗೆ ಜಗಳವಾದರೆ ಆ ಮನೆಯವರು ಈ ಮನೆಯಲ್ಲಿ ಒಂದು ಗುಟುಕು ನೀರು ಮುಟ್ಟುವುದಿಲ್ಲ. ಮದುವೆಯಲ್ಲಿ ಎದುರಾದರೂ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ. ಹಿರಿಯರು ಇಬ್ಬರನ್ನೂ ಗುಡಿಯ ಜಗಲಿಯಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಬೈದಾಟವೂ ಆಗುತ್ತದೆ. ಕೊನೆಗೆ ಒಪ್ಪಿಗೆಯಾದಾಗ ಯಾರ ಮನೆಯಿಂದಲೋ ಒಂದು ತಂಬಿಗೆ ಮಜ್ಜಿಗೆ ಬರುತ್ತದೆ. ಇಬ್ಬರೂ ಕುಡಿದರೆ ಮುಗಿಯಿತು. ಕುಡಿಯುವ ಮುಂಚೆ ಎಷ್ಟು ಬೇಕಾದರೂ ಕೂಗಾಡು. ಕುಡಿದ ಮೇಲೆ ಆ ಮಾತು ಎತ್ತಿದವನು ದೇವರಿಗೆ ಸುಳ್ಳು ಹೇಳಿದ ಹಾಗೆ. ನಾನು ಹೊಸದಾಗಿ ಮದುವೆಯಾಗಿ ಬಂದ ವರ್ಷವೇ ನಮ್ಮ ಮಾವನವರಿಗೂ ಅವರ ತಮ್ಮನಿಗೂ ಬದುವಿನ ಜಗಳ ಹೀಗೇ ಮುಗಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ತಂಬಿಗೆಯನ್ನು ತೊಳೆದವಳೂ ನಾನೇ.

ಮಾವ ಹೋದ ಮೇಲೆ ಅತ್ತೆಯನ್ನೂ ಕರೆದುಕೊಂಡು ನಾವು ಹೊಸೂರಿಗೆ ಬಂದೆವು. ಆಲಸನತ್ತಂನಲ್ಲಿ ಬಾಡಿಗೆ ಮನೆ. ಇವರಿಗೆ ಗಾಡಿಯ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನಿನ ಕೆಲಸ. ತಗಡು ಇಟ್ಟು ಒತ್ತಿದರೆ ಆಕಾರ ಬೀಳುತ್ತದಂತೆ. ಆ ಮಷೀನಿನ ಮಾತು ಎತ್ತಿದರೆ ಇವರ ಮುಖ ಬೆಳಗುತ್ತಿತ್ತು. ಹಬ್ಬದ ದಿನ ಅದಕ್ಕೂ ಕುಂಕುಮ ಇಡುತ್ತೇನೆ ಅನ್ನುತ್ತಿದ್ದರು.

ಅತ್ತೆಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಆಸ್ಪತ್ರೆಗೆ ಕರೆದೊಯ್ಯಬೇಕಾದ ದಿನ ಮೊದಲ ಶಿಫ್ಟು ಮುಗಿಸಿ ಹೊರಟವರಿಗೆ ಸೂಪರ್‌ವೈಸರು, ಆಳಿಲ್ಲ, ಎರಡನೇ ಶಿಫ್ಟೂ ನೀನೇ ನಿಲ್ಲು ಅಂದನಂತೆ. ಇವರು ಆಗುವುದಿಲ್ಲ ಅಂದರು. ಅವನು ಗದರಿಸಿ ಹೇಳಿದ. ಇವರು ಕೈಗವಸು ಕಿತ್ತು ಮೇಜಿನ ಮೇಲೆ ಬಿಸಾಕಿ, "ಇದೇನು ನಿಮ್ಮಪ್ಪನ ಮನೆ ಕಂಪ್ನಿನಾ?" ಅಂದು ಬಂದುಬಿಟ್ಟರು. ನಮ್ಮ ಕಡೆ ಇದು ದಿನಕ್ಕೆ ಹತ್ತು ಸಲ ಆಡುವ ಮಾತು. ಸೂಪರ್‌ವೈಸರು ಕೃಷ್ಣಗಿರಿ ಕಡೆಯ ತಮಿಳಿನವನು, ತಂದೆಯನ್ನು ಆಗಷ್ಟೇ ಕಳೆದುಕೊಂಡಿದ್ದ. ಅವನಿಗೆ ಎದೆಗೇ ನಾಟಿತು. ಮೇಲಿನವರಿಗೆ ಹೋದ ದೂರಿನಲ್ಲಿ, ಹೊಲಸು ಮಾತಿನಲ್ಲಿ ತಂದೆಯನ್ನು ಬೈದ ಅಂತ ಆಯಿತು.

ಫ್ಯಾಕ್ಟರಿಯ ಒಳಗೇ ವಿಚಾರಣೆ ಇಟ್ಟರು. ಹೊರಗಿನ ವಕೀಲರೊಬ್ಬರು ಕೂತು ಕೇಳಿದರಂತೆ. ಅವರು ಕೇಳಿದ್ದೆಲ್ಲ ಇಂಗ್ಲಿಷು, ನಡುವೆ ತಮಿಳು. ಎಲ್ಲ ಮುಗಿದಾಗ ಪರ್ಸನಲ್ ಮ್ಯಾನೇಜರು ತಾವೇ ಒಂದು ಲೋಟ ಕಾಫಿ ತರಿಸಿ ಇವರ ಕೈಗೆ ಕೊಟ್ಟರು. ಇವರು ಕುಡಿದರು. ಅವತ್ತು ಮನೆಗೆ ಬಂದಾಗ ಚಪ್ಪಲಿ ಬಿಡುತ್ತಲೇ ಹೇಳಿದರು.

"ಮುಗೀತು ಕಣೇ. ಕಾಫಿ ಕೊಟ್ರು."

"ಯಾರು ಕೊಟ್ಟಿದ್ದು?"

"ಮ್ಯಾನೇಜರೇ. ಕೈಯಾರೆ."

ಅತ್ತೆ ಒಳಗಿನಿಂದಲೇ ದೇವರಿಗೆ ಕೈ ಮುಗಿದರು. ನಾನು ತುಪ್ಪದ ದೀಪ ಹಚ್ಚಿದೆ.

ಅದೇ ವಾರ ಕೆಲಸದಿಂದ ತೆಗೆದಿದ್ದೇವೆ ಅಂತ ಕಾಗದ ಬಂತು. ಅತ್ತೆಯೇ ಮೊದಲು ಬಾಯಿ ಬಿಟ್ಟದ್ದು. "ಕಾಫಿ ಕುಡ್ಸಿ ಕತ್ತು ಕುಯ್ದ್ರೇನ್ಲಾ? ಎಂಥಾ ಜನ ಅವ್ರು?" ಅಂದರು. ಅವತ್ತಿನಿಂದ ಇವರು ಹೊರಗೆಲ್ಲೂ ಕಾಫಿ ಟೀ ಕುಡಿಯಲಿಲ್ಲ.

ಹೊಟ್ಟೆಗೆ ದಾರಿ ದೇವರು ತೋರಿಸಿದ. ಬಾಗಲೂರು ಹತ್ತಿರ ಗುಲಾಬಿ ಬೆಳೆಯುವ ತೋಟಗಳಿವೆ, ಪ್ಲಾಸ್ಟಿಕ್ ಹೊದಿಸಿದ ದೊಡ್ಡ ದೊಡ್ಡ ಮನೆಗಳು. ಅಂಥದ್ದೊಂದರಲ್ಲಿ ಇವರಿಗೆ ಹೂವು ವಿಂಗಡಿಸಿ ಕಟ್ಟುವ ಕೆಲಸ ಸಿಕ್ಕಿತು. ಕಬ್ಬಿಣ ಹಿಡಿದ ಕೈಗೆ ಮುಳ್ಳು. ಎಸಳು ಹರಿದ ಹೂವುಗಳನ್ನು ಪೇಟೆಗೆ ಕಳಿಸುವುದಿಲ್ಲವಲ್ಲ, ಅವನ್ನು ಟವಲಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಆ ವರ್ಷ ನಮ್ಮ ದೇವರ ಗೂಡಿನಲ್ಲಿ ಇದ್ದಷ್ಟು ಗುಲಾಬಿ ಯಾವ ಶ್ರೀಮಂತರ ಮನೆಯಲ್ಲೂ ಇರಲಿಲ್ಲ. ನಾನು ಅದನ್ನೂ ಶಿವನ ಕೃಪೆಯೆಂದೇ ಎಣಿಸಿಕೊಂಡೆ. ಅಳುವುದಕ್ಕಿಂತ ಎಣಿಸಿಕೊಳ್ಳುವುದು ಸುಲಭ.

ಯೂನಿಯನ್ನಿನವರು ಲೇಬರ್ ಆಫೀಸಿಗೆ ಅರ್ಜಿ ಹಾಕಿಸಿದರು. ಅಲ್ಲಿಯ ಆಫೀಸರು ಕಂಪನಿಯವರನ್ನೂ ಕೆಲಸಗಾರನನ್ನೂ ಕರೆಸಿ ರಾಜಿ ಮಾಡಿಸಬೇಕು. ಆಗದಿದ್ದರೆ ಸೇಲಂನ ಕೋರ್ಟಿಗೆ ಹೋಗಬೇಕು. ಸೇಲಂ ಅಂದರೆ ಎಲ್ಲರೂ ಹೆದರುತ್ತಿದ್ದರು. ಅಲ್ಲಿಗೆ ಕೇಸು ಹೋದವರು ಮಗಳ ಮದುವೆ ಮಾಡಿ ಮೊಮ್ಮಗಳನ್ನೂ ಎತ್ತಿಕೊಂಡರಂತೆ, ತೀರ್ಪು ಮಾತ್ರ ಬಂದಿರಲಿಲ್ಲವಂತೆ.

ಲೇಬರ್ ಆಫೀಸಿನದ್ದೂ ಹೆಚ್ಚುಕಡಿಮೆ ಅದೇ ಕಥೆ. ಇವರು ತೋಟಕ್ಕೆ ರಜೆ ಹೇಳಿ ಬಸ್ಸು ಹತ್ತಿ ಕೃಷ್ಣಗಿರಿಗೆ ಹೋಗುತ್ತಿದ್ದರು. ಕಂಪನಿಯಿಂದ ಒಬ್ಬ ಗುಮಾಸ್ತ ಬಂದು, ಸಾಹೇಬರು ಚೆನ್ನೈಗೆ ಹೋಗಿದ್ದಾರೆ, ವಾಯಿದೆ ಕೊಡಿ ಅನ್ನುತ್ತಿದ್ದ. ವಾಯಿದೆ ಕೊಡುತ್ತಿದ್ದರು. ಇವರು ವರಾಂಡದಲ್ಲಿ ನಿಂತು ಮರಳಿ ಬರುತ್ತಿದ್ದರು. ಮಾವಿನ ಕಾಲದಲ್ಲಿ ಒಂದು ಸಲ ಚೀಲದಲ್ಲಿ ಹಣ್ಣು ತಂದರು.

"ಏನಾಯ್ತು?" ಅಂದೆ.

"ಹಣ್ಣು ಸಿಹಿಯಾಗವೆ," ಅಂದರು.

ಹೀಗೇ ನಡೆಯುತ್ತಿದ್ದಾಗ ಒಂದು ಸಂಜೆ ಹೊಸ ಸುದ್ದಿ ತಂದರು. ಲೇಬರ್ ಆಫೀಸಿಗೆ ಹೊಸಬರು ಬಂದಿದ್ದಾರೆ, ಹೆಂಗಸು. ಇನ್ನು ಮೇಲೆ ವಾರಕ್ಕೊಂದು ದಿನ ಅವರೇ ಹೊಸೂರಿಗೆ ಬಂದು ಕೂರುತ್ತಾರೆ. ಕಂಪನಿಯಿಂದ ಗುಮಾಸ್ತ ಬರುವ ಹಾಗಿಲ್ಲ, ಹೂಂ ಇಲ್ಲವೇ ಊಹೂಂ ಅನ್ನುವ ಅಧಿಕಾರ ಇರುವವರೇ ಬರಬೇಕು. ಮತ್ತೊಂದು, ಕೆಲಸಗಾರ ಮನೆಯವರನ್ನೂ ಕರೆತರಬಹುದು.

"ಮನೆಯವ್ರು ಅಂದ್ರೆ?" ಅಂದೆ.

"ನೀನೇ. ಇನ್ಯಾರವ್ರೆ?"

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಹೆಂಗಸ್ರು ಯಾಕಲಾ ಕಛೇರಿಗೆ? ಅಲ್ಲೇನು ಒಬ್ಬಟ್ಟು ತಟ್ಟಬೇಕಾ?"

"ನಂಗೇನವ್ವಾ ಗೊತ್ತು? ಆಯಮ್ಮನ್ನೇ ಕೇಳು ಬಾ."

"ನಾನ್ಯಾಕೆ ಬರ್ಲಿ? ಕಣ್ಣು ಮಾಡ್ಸಿರೋದು ಇಂಥವೆಲ್ಲ ನೋಡಕ್ಕಾ?"

ಆದರೂ ಆ ದಿನ ಬೆಳಿಗ್ಗೆ ನನ್ನ ಸೀರೆಯ ಅಂಚಿಗೆ ಪಿನ್ನು ಹಾಕಿದವರು ಅತ್ತೆಯೇ. ನೆಟ್ಟಗೆ ಕೂತ್ಕೋ, ನೆಲ ನೋಡ್ಬೇಡ ಅಂತ ಹೇಳಿ ಕಳಿಸಿದರು. ನಾನು ಬೆಟ್ಟದ ಮೇಲಿನ ಶಿವನ ಗುಡಿಯ ಕಡೆ ತಿರುಗಿ ಕೈ ಮುಗಿದು ಹೊರಟೆ.

ತಾಲ್ಲೂಕು ಕಛೇರಿಯ ಪಕ್ಕದ ಒಂದು ಹಳೆಯ ಕೋಣೆ. ಒಂದೇ ಮೇಜು. ಆಫೀಸರಮ್ಮ ಎತ್ತರದ ಪೀಠದಲ್ಲಿ ಕೂತಿರಲಿಲ್ಲ, ಎಲ್ಲರ ಹಾಗೆ ಮೇಜಿನ ಒಂದು ಬದಿಗೆ ಕೂತಿದ್ದರು. ಒಂದು ಕಡೆ ಕಾಫಿ ಕೊಟ್ಟಿದ್ದ ಅದೇ ಮ್ಯಾನೇಜರು, ಎದುರಿಗೆ ನಮ್ಮನೆಯವರು. ಮನೆಯವರಿಗೆ ಅಂತ ಗೋಡೆಗೆ ತಾಗಿಸಿ ಒಂದು ಬೆಂಚು. ನಾನು ಅದರ ತುದಿಯಲ್ಲಿ ಕೂತೆ. ಮೇಡಂ ಮೊದಲು ತಮಿಳಿನಲ್ಲಿ ಮಾತಾಡಿಸಿದರು. ನನ್ನ ಮುಖ ನೋಡಿ ತೆಲುಗಿಗೆ ಬಂದರು. ನನಗೆ ಕನ್ನಡದಷ್ಟೇ ತೆಲುಗೂ ಬರುತ್ತದೆ, ಉಸಿರು ಸರಾಗವಾಯಿತು.

"ಇಲ್ಲಿ ಒಪ್ಪಿ ಹೋಗುತ್ತಾರಮ್ಮ," ಅಂದರು. "ಮನೆಯಲ್ಲಿ ಒಪ್ಪುವುದಿಲ್ಲ. ಮಾರನೇ ದಿನ ಮತ್ತೆ ಬಂದು ನಿಲ್ಲುತ್ತಾರೆ. ಅದಕ್ಕೇ ನೀವೂ ಕೇಳಿಸಿಕೊಳ್ಳಿ ಅಂತ ಕರೆದೆ."

ಆಮೇಲೆ ಅವರು ಮಾಡಿದ ಮೊದಲ ಕೆಲಸ ಎಲ್ಲರಿಗೂ ಟೀ ತರಿಸಿದ್ದು. ಕಡತ ಬಿಚ್ಚುವ ಮುಂಚೆ ಒಟ್ಟಿಗೆ ಟೀ ಕುಡಿದರೆ ಜನ ಸ್ವಲ್ಪ ತಣ್ಣಗಾಗುತ್ತಾರೆ ಅನ್ನುವುದು ಅವರ ಹೊಸ ಪದ್ಧತಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಮ್ಯಾನೇಜರೂ ಒಳ್ಳೆಯ ಮನಸ್ಸಿನಿಂದಲೇ ಒಂದು ಲೋಟವನ್ನು ಇವರ ಕಡೆ ತಳ್ಳಿ, "ಸಾಪ್ಪಿಡು," ಅಂದರು, ತೆಗೆದುಕೊ ಅಂತ.

ಇವರು ಎರಡೂ ಕೈಗಳನ್ನು ಮೇಜಿನಿಂದ ಕೆಳಗೆ ತೆಗೆದುಕೊಂಡರು.

ಮ್ಯಾನೇಜರು ಇನ್ನೊಂದು ಸಲ ಹೇಳಿದರು. ಇವರು ತಲೆ ಅಲ್ಲಾಡಿಸಿದರು. ಮೇಡಂ ಹೇಳಿದರೂ ಇಲ್ಲ. ಮ್ಯಾನೇಜರ ಮುಖ ಕೆಂಪಾಯಿತು.

"ನೋಡಿದಿರಲ್ಲ ಮೇಡಂ," ಅಂದರು. "ಕೈಯಾರೆ ಕೊಟ್ಟ ಟೀ ಕುಡಿಯುವುದಿಲ್ಲ. ಇಷ್ಟು ಜಂಬ ಇರುವವನನ್ನು ವಾಪಸ್ ತೆಗೆದುಕೊಂಡು ನಾನು ಯಾವ ಸೆಕ್ಷನ್ನಿನಲ್ಲಿ ಇಡಲಿ? ಇದು ಇಲ್ಲಿ ಆಗುವುದಲ್ಲ, ಸೇಲಂಗೇ ಹೋಗಲಿ."

ಕುರ್ಚಿ ಹಿಂದಕ್ಕೆ ಸರಿಸಿ ಎದ್ದೇಬಿಟ್ಟರು. ನಮ್ಮನೆಯವರು ನೆಲ ನೋಡುತ್ತಿದ್ದರು. ಅವರು ಬಾಯಿ ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು, ಕಾಫಿ ಕುಡಿದು ಮೋಸಹೋದೆ ಅಂತ ನಾಲ್ಕು ಜನರ ಮುಂದೆ ಹೇಳಲು ಅವರಿಗೆ ನಾಚಿಕೆ. ಸೇಲಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ನಿಂತೆ.

"ಜಂಬ ಅಲ್ಲ ಮೇಡಂ," ಅಂದೆ.

ಎಲ್ಲರೂ ತಿರುಗಿದರು. ಮೇಡಂ, "ಚೆಪ್ಪಮ್ಮಾ," ಅಂದರು, ಹೇಳು ಅಂತ.

ನಾನು ಮಜ್ಜಿಗೆಯ ಪದ್ಧತಿ ಹೇಳಿದೆ. ಕುಡಿದರೆ ಮುಗಿದ ಹಾಗೆ, ಮಾತು ತೀರುವ ಮುಂಚೆ ಕುಡಿಯಬಾರದು ಅಂದೆ. ಸರಿಯಾಗಿ ಹೇಳಿದೆನೋ ಇಲ್ಲವೋ, ತೆಲುಗಿನ ಮಧ್ಯೆ ಕನ್ನಡ, ಕನ್ನಡದ ಮಧ್ಯೆ ಅಷ್ಟಿಷ್ಟು ತಮಿಳು. ಆಮೇಲೆ ಫ್ಯಾಕ್ಟರಿಯ ಕಾಫಿ ವಿಷಯವನ್ನೂ ಹೇಳಿದೆ. ಅವತ್ತು ಇವರು ಮುಗೀತು ಅಂತ ಬಂದದ್ದು, ನಾನು ದೀಪ ಹಚ್ಚಿದ್ದು, ಆಮೇಲೆ ಕಾಗದ ಬಂದದ್ದು.

"ಆವಾಗಿಂದ ಇವ್ರು ಆಚೆ ಏನೂ ಕುಡಿಯಲ್ಲ ಮೇಡಂ. ನೆಂಟರ ಮನೇಲೂ ಕುಡಿಯಲ್ಲ. ಸಾಹೇಬ್ರ ಮೇಲೆ ಅಲ್ಲ, ಟೀ ಮೇಲೇನೇ ನಂಬಿಕೆ ಹೋಗಿದೆ."

ಯಾರೋ ನಕ್ಕರು ಅನ್ನಿಸಿತು, ಆದರೆ ಮ್ಯಾನೇಜರು ನಗಲಿಲ್ಲ. ನಿಂತವರು ನಿಧಾನವಾಗಿ ಕೂತರು.

"ವಿಚಾರಣೆಯ ದಿನ ಬೆಳಗಿನಿಂದ ನಿಂತೇ ಇದ್ದರು," ಅಂದರು. ಅವರ ಬಾಯಲ್ಲಿ ಇವರಿಗೆ ಬಹುವಚನ ಬಂದದ್ದು ಅದೇ ಮೊದಲು. "ಊಟಕ್ಕೂ ಹೋಗಿರಲಿಲ್ಲ. ಮುಖ ನೋಡಿ ಪಾಪ ಅನ್ನಿಸಿತು, ಕಾಫಿ ತರಿಸಿದೆ. ಅಷ್ಟೇ ಇದ್ದದ್ದು. ತೆಗೆಯುವುದೋ ಬಿಡುವುದೋ ಹೆಡ್ ಆಫೀಸಿನದು. ನನಗೂ ಆಮೇಲೆ ತಿಳಿಯಿತು."

ನಮ್ಮನೆಯವರು ತಲೆ ಎತ್ತಿದರು. ಇಷ್ಟು ದಿನ ನಮ್ಮ ಮನೆಯಲ್ಲಿ ಆ ಕಾಫಿಗೆ ಶಾಪ ಹಾಕದ ದಿನ ಇರಲಿಲ್ಲ. ಅದು ಬರೀ ಕರುಣೆಯ ಕಾಫಿ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ನಂಗೊತ್ತಾಗ್ಲಿಲ್ಲ ಸಾರ್," ಅಂದರು ಇವರು, ಮೆಲ್ಲಗೆ.

ಮೇಡಂ ಅಟೆಂಡರನ್ನು ಕರೆದು ಎಲ್ಲ ಲೋಟವನ್ನೂ ಎತ್ತಿಸಿದರು. ತಮ್ಮದನ್ನೂ. ಅರ್ಧ ಕುಡಿದಿದ್ದರು, ಕೊಡುವಾಗ ಅದರ ಕಡೆ ಒಂದು ಸಲ ನೋಡಿದರು, ಪಾಪ. "ಇನ್ನು ಮೇಲೆ ಇಲ್ಲಿ ಮೊದಲು ನೀರು," ಅಂದರು. "ಅದನ್ನೂ ಅವರವರೇ ಹೂಜಿಯಿಂದ ಬಗ್ಗಿಸಿಕೊಳ್ಳಲಿ. ಟೀ ಏನಿದ್ದರೂ ರಾಜಿಯಾದ ಮೇಲೆ."

ಅವತ್ತು ಬೇರೇನೂ ತೀರ್ಮಾನವಾಗಲಿಲ್ಲ. ಮುಂದಿನ ವಾರ ಬನ್ನಿ ಅಂದರು. ಆದರೆ ಇದು ವಾಯಿದೆ ಅಲ್ಲ ಅಂತ ನಮಗಿಬ್ಬರಿಗೂ ಗೊತ್ತಾಯಿತು. ಮನೆಗೆ ನಡೆದು ಬರುವಾಗ ಇವರು, "ಬಾಯಿ ಐತಲ್ಲ ನಿಂಗೆ," ಅಂದರು.

"ಮೊದ್ಲಿಂದ್ಲೂ ಇತ್ತು. ನೀವು ಕೇಳಿರ್ಲಿಲ್ಲ," ಅಂದೆ.

ಮುಂದಿನ ವಾರ ಸೂಪರ್‌ವೈಸರನ್ನೂ ಕರೆಸಿದ್ದರು. ನಾನು ಅವನನ್ನು ರಾಕ್ಷಸನ ಹಾಗೆ ಊಹಿಸಿಕೊಂಡಿದ್ದೆ. ಬಂದವನು ಸಣಕಲು ಆಸಾಮಿ, ಹಣೆಗೆ ವಿಭೂತಿ, ನನಗೂ ನಮಸ್ಕಾರ ಮಾಡಿದ. ಮೇಡಂ ಇಬ್ಬರಿಗೂ ಅವರವರ ಮಾತಿನಲ್ಲೇ ಹೇಳಲು ಬಿಟ್ಟರು, ಹೇಳಿದ್ದನ್ನು ಮತ್ತೆ ಅವರವರ ಮಾತಿನಲ್ಲೇ ಓದಿ ಹೇಳಿದರು. ಹೌದು, ನಾನಂದದ್ದು ಇದೇ ಅಂತ ಇಬ್ಬರೂ ಒಪ್ಪಿದ ಮೇಲೇ ಮುಂದಿನ ಸಾಲು.

ಇವರು ಸೂಪರ್‌ವೈಸರಿಗೆ ಹೇಳಿದರು, "ಅಣ್ಣಾ, ನಾನಂದಿದ್ದು ನಿಮ್ಮಪ್ಪನ್ನ ಅಲ್ಲ. ನಮ್ಮೂರಲ್ಲಿ ಎತ್ತು ಮಾತು ಕೇಳ್ದಿದ್ರೆ ಎತ್ತಿಗೂ ಹಂಗೇ ಅಂತೀವಿ. ನಿಮ್ಮಪ್ಪ ತೀರ್ಕೊಂಡಿದ್ದು ನಂಗೆ ಗೊತ್ತಿರ್ಲಿಲ್ಲ."

ಸೂಪರ್‌ವೈಸರು ಹೊಸೂರಿನಲ್ಲಿ ಬಹಳ ವರ್ಷದಿಂದ ಇದ್ದವನು, ಕನ್ನಡ ಅರ್ಥವಾಗುತ್ತಿತ್ತು. "ಎತ್ತಿಗೂನಾ?" ಅಂದ. ನಗು ಬಂತು ಅವನಿಗೆ. ಆಮೇಲೆ, "ನಿಮ್ಮ ತಾಯಿ ಕಣ್ಣು ಹೇಗಿದೆ?" ಅಂದ. ಅಷ್ಟಕ್ಕೇ ಆ ಜಗಳ ಮುಗಿಯಿತು.

ಮುಗಿಯದೆ ನಿಂತದ್ದು ಮಷೀನಿನ ವಿಷಯ. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತೇವೆ, ಸರ್ವಿಸು ಮುರಿಯುವುದಿಲ್ಲ, ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ಪ್ರೆಸ್ ಸೆಕ್ಷನ್ನಿಗೆ ಇಲ್ಲ, ಸ್ಟೋರ್ಸಿಗೆ ಅಂದರು ಮ್ಯಾನೇಜರು. ಆ ಮಷೀನಿಗೆ ಬೇರೆಯವರನ್ನು ಹಾಕಿ ಆಗಿತ್ತು, ಹೆಡ್ ಆಫೀಸು ಅದಕ್ಕಿಂತ ಮೇಲೆ ಒಂದಿಂಚು ಬರುವುದಿಲ್ಲ ಅಂದಿತ್ತು. ಇವರು, ನನ್ನ ಮಷೀನು ಕೊಡಿ, ಇಲ್ಲದಿದ್ದರೆ ಸೇಲಂನಲ್ಲೇ ನೋಡೋಣ ಅಂದರು. ಮೇಡಂ ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದರು. ಬೆದರಿಸಲಿಲ್ಲ. ಸೇಲಂಗೆ ಹೋದರೆ ಮಷೀನು ಸಿಗಲೂಬಹುದು, ಸಿಗದಿರಲೂಬಹುದು, ಯಾವಾಗ ಅಂತ ನಾನು ಹೇಳಲಾರೆ, ಹೋಗುವುದು ನಿಮ್ಮ ಹಕ್ಕು ಅಂದರು. ಇವರು ಹಟ ಬಿಡಲಿಲ್ಲ.

ಆಗ ಮೇಡಂ ಬೆಂಚಿನ ಕಡೆ ತಿರುಗಿದರು. "ನೀವೇನಮ್ಮ ಹೇಳುತ್ತೀರಿ?"

ಮಷೀನಿನ ವಿಷಯ ನನಗೆ ತಿಳಿಯದು ಮೇಡಂ ಅಂದೆ. ಅದು ಅವರ ಕೈ ಪಳಗಿದ ಕೆಲಸ, ಅದನ್ನು ಬಿಡಿ ಅಂತ ಹೇಳಲು ನಾನು ಯಾರು? ಮನೆಯಲ್ಲಿ ಹೇಗಿರುತ್ತಾರೆ ಅಂತ ಮಾತ್ರ ಹೇಳಬಲ್ಲೆ. ಈಗಲೂ ಮೊದಲ ಶಿಫ್ಟಿನ ಹೊತ್ತಿಗೇ ಎದ್ದು ಹೊಸಿಲ ಮೇಲೆ ಕೂರುತ್ತಾರೆ. ನಮ್ಮ ಬೀದಿಯ ತುದಿಯಲ್ಲಿ ಕಂಪನಿ ಬಸ್ಸು ನಿಂತು, ಹತ್ತುವವರು ಹತ್ತಿ, ಹೊರಡುತ್ತದೆ. ಅದು ಹೋದ ಮೇಲೇ ಎದ್ದು ಮುಖ ತೊಳೆಯುವುದು. ಕೆಲಸ ಹೋದಾಗಿನಿಂದ ಒಂದು ದಿನವೂ ತಪ್ಪಿಲ್ಲ.

ಇವರು ಗಾಬರಿಯಾಗಿ, "ಅವೆಲ್ಲ ಯಾಕೆ ಹೇಳ್ತೀಯೇ ಇಲ್ಲಿ?" ಅಂದರು.

"ಮತ್ತೆ ಎಲ್ಲಿ ಹೇಳ್ಲಿ?" ಅಂದೆ.

ನಮ್ಮನೆಯವರು ತಮ್ಮ ಅಂಗೈಗಳನ್ನು ನೋಡಿಕೊಂಡರು, ಗುಲಾಬಿ ಮುಳ್ಳಿನ ಗೀರುಗಳಿದ್ದವು. "ಆ ಹೊಲಸು ಮಾತು ಅಂತ ಬರ್ದವ್ರಲ್ಲ, ಅದನ್ನ ತೆಗೀತಾರಾ?" ಅಂದರು. "ಆಮೇಲೆ, ಮುಂದೆ ಪ್ರೆಸ್ಸಲ್ಲಿ ಜಾಗ ಆದ್ರೆ ಮೊದ್ಲು ನನ್ನ ಕೇಳ್ಬೇಕು."

ಮ್ಯಾನೇಜರು ಹೊರಗೆ ಹೋಗಿ ಚೆನ್ನೈಗೆ ಫೋನು ಮಾಡಿ ಬಂದರು. ಮಾತು ತೆಗೆಯುತ್ತೇವೆ, ಕೇಳುತ್ತೇವೆ ಅಂತಲೂ ಬರೆಯುತ್ತೇವೆ ಅಂದರು. ಮೇಡಂ ಅದನ್ನೆಲ್ಲ ಬರೆಸಿ, ಇವರಿಗೆ ಅರ್ಥವಾಗುವ ಹಾಗೆ ಸಾಲು ಸಾಲಾಗಿ ಓದಿಸಿ, ಆಮೇಲೆ ಸಹಿ ಹಾಕಿಸಿದರು. ಟೀ ಬಂತು. ಮ್ಯಾನೇಜರು ಲೋಟ ಎತ್ತಿ ಕೊಟ್ಟರು, ಕೊಟ್ಟು, ಇವರು ಮೊದಲ ಗುಟುಕು ನುಂಗುವ ತನಕ ತಮ್ಮದನ್ನು ಬಾಯಿಗಿಡದೆ ಕಾದರು. ನನಗೆ ಕಣ್ಣು ಮಂಜಾಯಿತು. ಟೀ ಮಾತ್ರ ಬಹಳ ಸಿಹಿ, ಕಛೇರಿಯ ಟೀ.

ಮೇಡಂಗೆ ಮುಂದಿನ ವರ್ಷವೇ ವರ್ಗವಾಯಿತು. ಆಮೇಲೆ ಬಂದವರು ವಾರದ ಕೂಟವನ್ನು ಕೆಲವು ಕಾಲ ನಡೆಸಿದರು, ಕೆಲವು ಕಾಲ ಬಿಟ್ಟರು, ಜನ ಕೇಳಿದ ಮೇಲೆ ಮತ್ತೆ ಹಿಡಿದರು. ಸರ್ಕಾರದ ಕೆಲಸ ಹಾಗೇ ಅಲ್ಲವೇ. ಬೆಂಚು ಇನ್ನೂ ಅಲ್ಲಿದೆ ಅಂತ ಹೋಗಿ ಬಂದ ಹೆಂಗಸರು ಹೇಳುತ್ತಾರೆ. ನೂರೆಂಟು ದೇವರಿಗೆ ಹರಕೆ ಹೊತ್ತಿದ್ದವಳು ನಾನು, ಆದರೂ ಮನುಷ್ಯರು ಎದುರೆದುರು ಕೂತು ಮಾತಾಡಲು ಒಂದು ಕೋಣೆ, ಒಂದು ಮೇಜು ಯಾರಾದರೂ ಹಾಕಿಕೊಡಬೇಕಾಯಿತು. ಹಾಕಿಕೊಡುವ ಬುದ್ಧಿ ಆ ತಾಯಿಗೆ ಕೊಟ್ಟದ್ದು ಶಿವನೇ ಅಂತ ನನ್ನ ನಂಬಿಕೆ.

ಕೆಲಸಕ್ಕೆ ಮರಳಿದ ಮೊದಲ ದಿನ ಇವರು ಮನೆಗೆ ಬಂದಾಗ ಮುಖ ಗಂಟಾಗಿತ್ತು. ಮತ್ತೆ ಏನಾಯಿತೋ ಅಂದುಕೊಂಡೇ ತಟ್ಟೆ ಹಾಕಿದೆ. ಊಟಕ್ಕೆ ಕೂತ ಮೇಲೆ ಶುರುವಾಯಿತು. ಸ್ಟೋರ್ಸಿನಲ್ಲಿ ಫ್ಯಾನು ಕಿರ್ರನ್ನುತ್ತದೆ. ಇನ್‌ಚಾರ್ಜು ಒಂದೇ ಡಬ್ಬಿ ಬೋಲ್ಟನ್ನು ಸುರಿದು ಸುರಿದು ಎಣಿಸುತ್ತಾನೆ, ಯಾರ ಮೇಲೂ ನಂಬಿಕೆಯಿಲ್ಲ. ಪ್ರೆಸ್ಸಿನ ಸದ್ದು ಗೋಡೆಯಾಚೆಯಿಂದ ಕೇಳುತ್ತದೆ, ಕಿವಿ ಅಲ್ಲೇ ಹೋಗುತ್ತದೆ. ಕ್ಯಾಂಟೀನಿನ ಸಾಂಬಾರಿಗೆ ಉಪ್ಪಿಲ್ಲ. ಹೇಳುತ್ತಲೇ ಇದ್ದರು, ಕೈಯಲ್ಲಿನ ಮುದ್ದೆ ಆರುತ್ತಿತ್ತು. ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿ ವರ್ಷವೇ ಆಗಿತ್ತು.

ಅತ್ತೆಗೆ ಸಾಕಾಯಿತು. "ಅಷ್ಟು ಬ್ಯಾಡವಾದ್ರೆ ಬುಟ್ಬುಡ್ಲಾ," ಅಂದರು.

"ಬುಡಕ್ಕಾಯ್ತದೇನವ್ವಾ? ನಾಳೆ ಮಾಲು ಬತ್ತದೆ. ನಾನಿಲ್ದಿದ್ರೆ ಯಾರು ನೋಡಿ ಇಳಿಸ್ಕೋತಾರೆ? ಆವಯ್ಯ ಎಣಿಸ್ಕೊಂಡೇ ಕೂತಿರ್ತಾನೆ."

ನಾನು ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ. ಬೇಡ ಅನ್ನಲಿಲ್ಲ.